ಫೋರ್ಟ್ ಸ್ಟೀವನ್ಸ್‌ಗೆ ಹೋಗೋರು ಟಾರ್ಚ್ ಮರೀಬೇಡಿ

ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ಕಡೆಯಿಂದ ವೀಕೆಂಡ್‌ಗೆ ಆಸ್ಟೋರಿಯಾಗೆ ಹೊರಟಿದ್ದರೆ ಪಕ್ಕದ ಫೋರ್ಟ್ ಸ್ಟೀವನ್ಸ್ ಸ್ಟೇಟ್ ಪಾರ್ಕನ್ನೂ ನೋಡಿಬನ್ನಿ. ಕೊಲಂಬಿಯಾ ನದಿ ಸಮುದ್ರ ಸೇರುವ ಜಾಗ.

ಮೊದಲು ಇಲ್ಲಿನ ಹಳೇ ಫಿರಂಗಿ ನೆಲೆ ‘ಬ್ಯಾಟರಿ ರಸ್ಸೆಲ್’ ನೋಡಿ. ಎರಡನೇ ಮಹಾಯುದ್ಧದಲ್ಲಿ, 1942ರ ಜೂನ್ 21ರ ರಾತ್ರಿ ಜಪಾನಿನ ಐ-25 ಸಬ್‌ಮರೀನ್ ಇದರತ್ತ 17 ಶೆಲ್ ಹಾರಿಸಿತ್ತು. ತಮ್ಮ ಫಿರಂಗಿ ಇರುವ ಜಾಗ ಶತ್ರುವಿಗೆ ಗೊತ್ತಾಗಬಾರದು ಅಂತ ಕೋಟೆಯ ಕಮಾಂಡರ್ ಒಂದು ಗುಂಡನ್ನೂ ಹಾರಿಸಗೊಡಲಿಲ್ಲ. ಕೊನೆಗೆ ಪೆಟ್ಟು ಬಿದ್ದದ್ದು ಬೇಸ್‌ಬಾಲ್ ಮೈದಾನದ ಬೇಲಿಗೆ! ಫಿರಂಗಿಗಳು ಈಗಿಲ್ಲ, ಕಾಂಕ್ರೀಟ್ ಕಟ್ಟಡ ಮಾತ್ರ ಉಳಿದಿದೆ. ಒಳಗಿನ ಕೋಣೆಗಳು ಹಗಲಲ್ಲೂ ಕಗ್ಗತ್ತಲು. ಫೋನಿನ ಬೆಳಕು ಸಾಲದು. ಮೇಲಿನ ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ.

1906ರಲ್ಲಿ ದಡಕ್ಕೆ ಬಂದು ಸಿಕ್ಕಿಕೊಂಡ ಪೀಟರ್ ಐರೆಡೇಲ್ ಹಡಗಿನ ಕಬ್ಬಿಣದ ಅಸ್ಥಿಪಂಜರ ಬೀಚಲ್ಲಿದೆ. ಇಳಿತದ ಹೊತ್ತು ನೋಡಿಕೊಂಡು ಹೋದರೆ ಹತ್ತಿರಕ್ಕೇ ನಡೆಯಬಹುದು, ಇಲ್ಲದಿದ್ದರೆ ದೂರದಿಂದಲೇ ಫೋಟೊ. ಬೇಸಿಗೆಯಲ್ಲೂ ಗಾಳಿ ಕೊರೆಯುತ್ತೆ, ಜಾಕೆಟ್ ಇರಲಿ. ಪಾರ್ಕಿಂಗ್ ಪರ್ಮಿಟ್ ಬೇಕು. ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದರೆ ಬೀಚಲ್ಲಿ ಬಿಚ್ಚಬೇಡಿ, ಮರಳೂ ಸೇರಿಕೊಳ್ಳುತ್ತೆ. ಪಾರ್ಕ್ ಒಳಗೇ ಇರುವ ಕಾಫನ್‌ಬರಿ ಕೆರೆ ದಂಡೆ ಊಟಕ್ಕೆ ವಾಸಿ.