ಎನ್‌ಕ್ಲೆಕ್ಸ್ ಫೇಲಾದ ಮೇಲೆ ನಾನು ಮತ್ತೆ ಓದಿದ್ದು

ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್ ಆಗಬೇಕೆಂದರೆ ಎನ್‌ಕ್ಲೆಕ್ಸ್-ಆರ್‌ಎನ್ ಅನ್ನುವ ಲೈಸೆನ್ಸ್ ಪರೀಕ್ಷೆ ಪಾಸಾಗಲೇಬೇಕು. ಆರ್‌ಎನ್ ಅಂದರೆ ರಿಜಿಸ್ಟರ್ಡ್ ನರ್ಸ್. ಪರೀಕ್ಷೆ ಅಲ್ಲಿನ ನರ್ಸಿಂಗ್ ಬೋರ್ಡ್‌ಗಳ ಒಕ್ಕೂಟ ಎನ್‌ಸಿಎಸ್‌ಬಿಎನ್‌ನದು. ನಾನು ಬರೆದದ್ದು ಬೆಂಗಳೂರಿನ ಪಿಯರ್ಸನ್ ವ್ಯೂ ಪರೀಕ್ಷಾ ಸೆಂಟರ್‌ನಲ್ಲಿ, ಕಂಪ್ಯೂಟರ್ ಮೇಲೆ. ನಾನು ಮೊದಲ ಸಲ ಫೇಲಾದೆ, ಎರಡನೇ ಸಲ ಪಾಸಾದೆ. ನಡುವೆ ಏನು ಮಾಡಿದೆ ಅಂತ ವಿರಾಜಪೇಟೆ, ಸೋಮವಾರಪೇಟೆ ಕಡೆಯಿಂದೆಲ್ಲ ಹುಡುಗಿಯರು ಫೋನ್ ಮಾಡಿ ಕೇಳುತ್ತಾರೆ. ಡ್ಯೂಟಿ ನಡುವೆ ತುಂಡು ತುಂಡಾಗಿ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡೋಣ ಅನಿಸಿತು.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಲಿ. ‘85ಕ್ಕೆ ನಿಂತರೆ ಪಾಸ್’ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಕಂಪ್ಯೂಟರ್ ಕೂಡ 85ಕ್ಕೇ ನಿಂತಿತ್ತು. ಈ ಪರೀಕ್ಷೆಯಲ್ಲಿ ಕಡಿಮೆ ಅಂದರೆ 85 ಪ್ರಶ್ನೆ, ಜಾಸ್ತಿ ಅಂದರೆ 150. ಸಮಯ 5 ಗಂಟೆ. ನೀವು ಸರಿ ಉತ್ತರ ಕೊಟ್ಟರೆ ಮುಂದಿನದು ಸ್ವಲ್ಪ ಕಷ್ಟದ್ದು ಬರುತ್ತದೆ, ತಪ್ಪಾದರೆ ಸ್ವಲ್ಪ ಸುಲಭದ್ದು. ಪಾಸಿನ ಗೆರೆಗಿಂತ ನೀವು ಮೇಲಿದ್ದೀರಿ ಅಥವಾ ಕೆಳಗಿದ್ದೀರಿ ಅಂತ ಕಂಪ್ಯೂಟರ್‌ಗೆ ಶೇ. 95ರಷ್ಟು ಖಾತ್ರಿಯಾದ ಕೂಡಲೇ ಅದು ನಿಲ್ಲಿಸುತ್ತದೆ. ಅಂದರೆ 85ಕ್ಕೆ ನಿಂತವರಲ್ಲಿ ಎರಡೂ ಥರದವರು ಇರುತ್ತಾರೆ. ಸೆಂಟರ್‌ನಿಂದ ಹೊರಬಂದು ಮನೆಯವರಿಗೆಲ್ಲ ಫೋನ್ ಮಾಡಿ ‘ಬೇಗ ಮುಗೀತು’ ಅಂತ ಹೇಳುವ ಮೊದಲು ಇದು ಗೊತ್ತಿರಲಿ.

ಫಲಿತಾಂಶ ಬಂದಾಗ ಮಳೆಗಾಲ ಶುರುವಾಗಿತ್ತು. ಕೊಡಗಿನ ಜೂನ್ ತಿಂಗಳು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ. ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಬಟ್ಟೆ ಒಣಗುವುದಿಲ್ಲ. ಊರು ಚಿಕ್ಕದು, ಎಲ್ಲರಿಗೂ ಎಲ್ಲ ಗೊತ್ತು. ಸಂತೆಯಲ್ಲಿ ಸಿಕ್ಕವರು, ಬಸ್ಸಿನಲ್ಲಿ ಪಕ್ಕ ಕೂತವರು, ಎಲ್ಲರದೂ ಒಂದೇ ಪ್ರಶ್ನೆ: ‘ಯಾವಾಗ ಹೋಗುವುದು ಅಮೆರಿಕಕ್ಕೆ?’ ನಾನು ‘ಫೇಲಾಯ್ತು, ಇನ್ನೊಂದು ಸಲ ಬರೀತೀನಿ’ ಅಂತ ನೇರವಾಗಿ ಹೇಳಲು ಶುರುಮಾಡಿದೆ. ಸುಳ್ಳು ಹೇಳಿದರೆ ನಾಳೆ ಇನ್ನೊಂದು ಹೇಳಬೇಕು, ಅದನ್ನು ನೆನಪಿಡಬೇಕು. ಅಷ್ಟು ತಲೆ ನನ್ನ ಹತ್ತಿರ ಖಾಲಿ ಇರಲಿಲ್ಲ. ನೇರ ಹೇಳಿದ ಮೇಲೆ ಎರಡನೇ ಸಲ ಯಾರೂ ಕೇಳಲಿಲ್ಲ.

ನಿಯಮದ ಪ್ರಕಾರ ಮತ್ತೆ ಬರೆಯಲು 45 ದಿನ ಕಾಯಬೇಕು. ವರ್ಷಕ್ಕೆ 8 ಸಲದವರೆಗೆ ಬರೆಯಬಹುದು, ಆದರೆ ಕೆಲವು ರಾಜ್ಯಗಳ ಬೋರ್ಡ್‌ಗಳು ಇನ್ನೂ ಬಿಗಿ. ಫ್ಲೋರಿಡಾದಲ್ಲಿ 3 ಸಲ ಫೇಲಾದರೆ ಒಂದು ಕೋರ್ಸ್ ಮುಗಿಸದೆ ಮತ್ತೆ ಕೂರಲು ಬಿಡುವುದಿಲ್ಲ. ಹಾಗಾಗಿ ನಿಮ್ಮ ಬೋರ್ಡಿನ ನಿಯಮ ನೀವೇ ಓದಿಕೊಳ್ಳಿ, ಗೆಳತಿಯ ಬೋರ್ಡಿನದಲ್ಲ. ನಾನು 45 ದಿನ ಮುಗಿದ ಕೂಡಲೇ ಬುಕ್ ಮಾಡಲಿಲ್ಲ. ಬೇಸರ ಹೋಗಲಿ ಅಂತ ಬೇಗ ಬರೆಯುವವರು ತುಂಬ ಜನ ಇದ್ದಾರೆ. ಬೇಸರ ಹೋಗುವುದು ಹಾಗಲ್ಲ. ಆಗಸ್ಟ್ ಮಳೆ ಕಳೆಯಲಿ, ಕಾಫಿ ಕೊಯ್ಲಿಗೆ ಮೊದಲು ಬರೆಯೋಣ ಅಂತ ಅಕ್ಟೋಬರ್ ಕೊನೆಗೆ ತಾರೀಖು ತೆಗೆದುಕೊಂಡೆ. ಡಿಸೆಂಬರ್ ಬಂದರೆ ತೋಟದಲ್ಲಿ ಹಣ್ಣು, ಮನೆಯಲ್ಲಿ ಕೆಲಸದವರು, ಕಣದಲ್ಲಿ ಕಾಫಿ. ಆಗ ಪುಸ್ತಕ ಹಿಡಿದು ಕೂರಲು ಯಾರ ಮನೆಯಲ್ಲೂ ಆಗುವುದಿಲ್ಲ.

ಫೇಲಾದವರಿಗೆ ಮಾತ್ರ ಬರುವ ಒಂದು ರಿಪೋರ್ಟ್ ಇದೆ, ಕ್ಯಾಂಡಿಡೇಟ್ ಪರ್ಫಾರ್ಮೆನ್ಸ್ ರಿಪೋರ್ಟ್. ಅದರಲ್ಲಿ ಅಂಕ ಇರುವುದಿಲ್ಲ. ಒಂದೊಂದು ವಿಭಾಗದಲ್ಲಿ ನೀವು ಪಾಸಿನ ಗೆರೆಗಿಂತ ಮೇಲೆ, ಹತ್ತಿರ, ಅಥವಾ ಕೆಳಗೆ ಅಂತ ಇರುತ್ತದೆ, ಅಷ್ಟೇ. ಎಷ್ಟೋ ಜನ ಅದನ್ನು ನೋಡಿ ಅತ್ತು ಮುಚ್ಚಿಡುತ್ತಾರೆ. ನನಗೆ ಸಿಕ್ಕಿದ ಅತಿ ಉಪಯೋಗದ ಕಾಗದ ಅದೇ. ಮೂಲ ಆರೈಕೆಯಲ್ಲಿ ನಾನು ಮೇಲಿದ್ದೆ. ಔಷಧದ ವಿಭಾಗದಲ್ಲಿ ಹತ್ತಿರ. ಮ್ಯಾನೇಜ್‌ಮೆಂಟ್ ಆಫ್ ಕೇರ್ ಅನ್ನುವ ವಿಭಾಗದಲ್ಲಿ ಕೆಳಗೆ. ಯಾವ ವಿಭಾಗದಿಂದ ಎಷ್ಟು ಪ್ರಶ್ನೆ ಅಂತ ಹೇಳುವ ಟೆಸ್ಟ್ ಪ್ಲಾನ್ ಇರುತ್ತದೆ. ನಾನು ಬರೆದ ಕಾಲದ ಪ್ಲಾನ್ ಪ್ರಕಾರ ಪರೀಕ್ಷೆಯಲ್ಲಿ ಅತಿ ದೊಡ್ಡ ಪಾಲು ಅದರದೇ, ಶೇ. 15ರಿಂದ 21. ಔಷಧದ್ದು ಶೇ. 13ರಿಂದ 19.

ಮೊದಲ ಸಲ ನಾನು ಓದಿದ್ದೇನೂ ಕಡಿಮೆಯಲ್ಲ. ಹೃದಯ, ಕಿಡ್ನಿ, ಇನ್ಸುಲಿನ್ ಎಲ್ಲ ಬಾಯಿಪಾಠ. ಆದರೆ ಮ್ಯಾನೇಜ್‌ಮೆಂಟ್ ಆಫ್ ಕೇರ್ ಬಾಯಿಪಾಠದ ವಿಷಯವೇ ಅಲ್ಲ. ಯಾರನ್ನು ಮೊದಲು ನೋಡಬೇಕು, ಯಾವ ಕೆಲಸ ಯಾರಿಗೆ ಒಪ್ಪಿಸಬೇಕು, ಒಪ್ಪಿಗೆ ಪತ್ರದಲ್ಲಿ ನರ್ಸ್ ಪಾತ್ರ ಏನು, ಇಂಥವು. ಇಲ್ಲಿ ನಮ್ಮ ವಾರ್ಡಿನ ಅಭ್ಯಾಸ ಅಡ್ಡ ಬರುತ್ತದೆ. ನಮ್ಮಲ್ಲಿ ರೋಗಿಗೆ ಊಟ ತಿನ್ನಿಸುವುದು, ಮೈ ಒರೆಸುವುದು ಜೊತೆಗಿರುವ ಮನೆಯವರ ಕೆಲಸ. ಏನಾದರೂ ಹೆಚ್ಚುಕಮ್ಮಿ ಆದರೆ ನಮಗೆ ಕಲಿಸಿದ್ದು ‘ಡಾಕ್ಟರ್‌ಗೆ ಹೇಳು’. ಎನ್‌ಕ್ಲೆಕ್ಸ್ ಬೇರೆ ಥರ ಕೇಳುತ್ತದೆ: ಡಾಕ್ಟರ್ ಬರುವ ಮೊದಲು ನೀನು ಏನು ಮಾಡುತ್ತೀಯ?

ಒಂದು ಉದಾಹರಣೆ. ರಕ್ತ ಏರಿಸುತ್ತಿರುವಾಗ ರೋಗಿಗೆ ಚಳಿ, ಸೊಂಟ ನೋವು ಶುರುವಾಯಿತು. ಆಯ್ಕೆಗಳಲ್ಲಿ ‘ಡಾಕ್ಟರ್‌ಗೆ ತಿಳಿಸು’ ಇರುತ್ತದೆ, ‘ರಕ್ತ ನಿಲ್ಲಿಸು’ ಕೂಡ ಇರುತ್ತದೆ. ಎರಡೂ ಮಾಡಬೇಕಾದದ್ದೇ. ಮೊದಲು ಯಾವುದು? ನಿಲ್ಲಿಸುವುದು. ಆಮೇಲೆ ಹೊಸ ಟ್ಯೂಬಿಂಗ್‌ನಲ್ಲಿ ನಾರ್ಮಲ್ ಸಲೈನ್, ಆಮೇಲೆ ಫೋನ್. ವಾರ್ಡಿನಲ್ಲಿ ನಾವು ಮಾಡುವುದೂ ಹೀಗೇ. ಆದರೆ ಕಾಗದದ ಮೇಲೆ ಕೈ ತಾನಾಗಿ ಡಾಕ್ಟರ್ ಕಡೆ ಹೋಗುತ್ತದೆ. ಹಾಗಂತ ಡಾಕ್ಟರ್‌ಗೆ ತಿಳಿಸುವುದು ಯಾವಾಗಲೂ ತಪ್ಪು ಅಂತಲ್ಲ. ನರ್ಸ್ ಮಾಡಬೇಕಾದದ್ದೆಲ್ಲ ಆಗಿದೆ ಅಂತ ಪ್ರಶ್ನೆಯಲ್ಲೇ ಇದ್ದರೆ ಅದೇ ಸರಿ ಉತ್ತರ. ಕೋಚಿಂಗ್‌ನವರು ‘ಡಾಕ್ಟರ್ ಆಯ್ಕೆ ಹೊಡೆದುಹಾಕಿ’ ಅಂತ ಕಣ್ಣುಮುಚ್ಚಿ ಹೇಳುವುದು ನನಗೆ ಹಿಡಿಸುವುದಿಲ್ಲ.

ಇನ್ನೊಂದು. ನಾಲ್ಕು ರೋಗಿಗಳು. ಸಿಒಪಿಡಿ, ಅಂದರೆ ಶ್ವಾಸಕೋಶದ ಹಳೆಯ ಕಾಯಿಲೆ ಇರುವವರ ರಕ್ತದ ಆಕ್ಸಿಜನ್ ಶೇ. 90. ನಿನ್ನೆ ಆಪರೇಷನ್ ಆದವರಿಗೆ ಹತ್ತಕ್ಕೆ ಏಳು ನೋವು. ಒಬ್ಬರಿಗೆ ಡಿಸ್ಚಾರ್ಜ್ ಆಗಬೇಕು. ಥೈರಾಯ್ಡ್ ತೆಗೆದವರಿಗೆ ತುಟಿ ಸುತ್ತ ಜುಮ್ಮೆನ್ನುತ್ತಿದೆ. ವಾರ್ಡಿನಲ್ಲಿ ಯಾರು ಜೋರಾಗಿ ಕೂಗುತ್ತಾರೋ ಅವರ ಹತ್ತಿರ ಮೊದಲು ಹೋಗುತ್ತೇವೆ, ನಿಜ ಹೇಳಬೇಕಲ್ವಾ? ಇಲ್ಲಿ ಹೋಗಬೇಕಾದದ್ದು ಕೂಗದ ನಾಲ್ಕನೆಯವರ ಹತ್ತಿರ. ಕ್ಯಾಲ್ಸಿಯಂ ಇಳಿಯುತ್ತಿದೆ, ಗಂಟಲು ಬಿಗಿದು ಉಸಿರು ಕಟ್ಟಬಹುದು. ಸಿಒಪಿಡಿಯವರಿಗೆ 90 ಅನ್ನುವುದು ಅವರ ಕಾಯಿಲೆಯಲ್ಲಿ ನಿರೀಕ್ಷೆ ಮಾಡುವಂಥದ್ದು. ನಿರೀಕ್ಷಿತವೋ ಅಲ್ಲವೋ, ಹೊಸದೋ ಹಳೆಯದೋ: ಪ್ರತಿ ಪ್ರಶ್ನೆಗೂ ಈ ಎರಡನ್ನು ಕೇಳಿಕೊಳ್ಳಲು ಶುರುಮಾಡಿದ ಮೇಲೆ ನನ್ನ ಉತ್ತರಗಳು ಬದಲಾದವು.

ಕೆಲಸ ಒಪ್ಪಿಸುವ ಪ್ರಶ್ನೆಗಳಿಗೆ ಅಲ್ಲಿನ ವ್ಯವಸ್ಥೆ ಗೊತ್ತಿರಬೇಕು. ಆರ್‌ಎನ್ ಕೆಳಗೆ ಎಲ್‌ಪಿಎನ್ (ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್), ಅವರ ಕೆಳಗೆ ಸಹಾಯಕರು. ಮೊದಲ ಅಸೆಸ್‌ಮೆಂಟ್, ರೋಗಿಗೆ ಕಲಿಸುವುದು, ಫಲ ಹೇಗಾಯಿತು ಅಂತ ತೀರ್ಮಾನಿಸುವುದು ಆರ್‌ಎನ್ ಬಿಟ್ಟುಕೊಡುವ ಕೆಲಸಗಳಲ್ಲ. ಸ್ಥಿರವಾಗಿರುವ ರೋಗಿಯ ಬಿಪಿ ನೋಡುವುದು, ನಡೆಸುವುದು, ಊಟ ತಿನ್ನಿಸುವುದು ಸಹಾಯಕರಿಗೆ. ಆದರೆ ಸ್ಟ್ರೋಕ್ ಆಗಿ ನುಂಗಲು ಕಷ್ಟ ಇರುವವರಿಗೆ ಊಟ ತಿನ್ನಿಸುವುದು ಅವರಿಗಲ್ಲ. ‘ಸ್ಥಿರ’ ಅನ್ನುವ ಒಂದು ಪದದಲ್ಲೇ ಅರ್ಧ ಉತ್ತರ ಇರುತ್ತದೆ.

ನಾನು ಹೊಸ ಪುಸ್ತಕ ಕೊಳ್ಳಲಿಲ್ಲ. ಒಂದು ಪ್ರಶ್ನೆ ಬ್ಯಾಂಕ್, ಒಂದು ಉದ್ದನೆಯ ನೋಟ್‌ಬುಕ್. ತಪ್ಪಾದ ಪ್ರತಿ ಪ್ರಶ್ನೆಗೂ ವಿವರಣೆ ಕಾಪಿ ಮಾಡುವುದನ್ನು ಬಿಟ್ಟೆ. ಅದರ ಬದಲು ಯಾಕೆ ತಪ್ಪಾಯಿತು ಅಂತ ಒಂದೇ ಸಾಲು. ವಿಷಯವೇ ಗೊತ್ತಿರಲಿಲ್ಲವೇ? ಗೊತ್ತಿತ್ತು, ಪ್ರಶ್ನೆ ಸರಿಯಾಗಿ ಓದಲಿಲ್ಲವೇ? ಎಲ್ಲ ಗೊತ್ತಿತ್ತು, ಯಾವುದು ಮೊದಲು ಅನ್ನುವುದು ತಪ್ಪಿತೇ? ಮೂರಕ್ಕೆ ಮೂರು ಬಣ್ಣದ ಪೆನ್. ಕೆಲವು ವಾರಗಳಲ್ಲಿ ಪುಟ ತಿರುವಿದರೆ ಮೂರನೇ ಬಣ್ಣವೇ ತುಂಬಿತ್ತು. ವಿಷಯ ಗೊತ್ತಿಲ್ಲದೆ ತಪ್ಪಾದದ್ದು ತೀರಾ ಕಡಿಮೆ. ಆ ನೋಟ್‌ಬುಕ್ ನೋಡದೆ ಇದ್ದಿದ್ದರೆ ನಾನು ಮತ್ತೆ ಕಿಡ್ನಿ ಪಾಠವನ್ನೇ ಓದುತ್ತಾ ಕೂರುತ್ತಿದ್ದೆ. ಸಮಾಧಾನ ಸಿಗುತ್ತದೆ, ಲಾಭ ಇಲ್ಲ.

ಓದಿನ ಹೊತ್ತು ಕರೆಂಟಿನ ಮೇಲೆ ನಿಂತಿತ್ತು. ನೆಟ್ ಇದ್ದಾಗ ಪ್ರಶ್ನೆ, ಹೋದಾಗ ನೋಟ್‌ಬುಕ್. ನೈಟ್ ಡ್ಯೂಟಿ ಮುಗಿಸಿ ಬಂದ ದಿನ ಓದಲೇ ಇಲ್ಲ, ಮಲಗಿದೆ. ಇದರಲ್ಲಿ ನಾಚಿಕೆ ಏನೂ ಇಲ್ಲ.

2023ರ ಏಪ್ರಿಲ್‌ನಿಂದ ಪರೀಕ್ಷೆಯ ರೂಪ ಬದಲಾಗಿದೆ, ನೆಕ್ಸ್ಟ್ ಜೆನ್ ಅನ್ನುತ್ತಾರೆ. ಒಬ್ಬ ರೋಗಿಯ ಕೇಸ್ ಶೀಟ್ ಕೊಟ್ಟು ಅದರ ಮೇಲೆ ಸಾಲಾಗಿ 6 ಪ್ರಶ್ನೆ. ಅಂಥ ಕೇಸ್ 3 ಬಂದೇ ಬರುತ್ತವೆ. ಮೊದಲ ಪ್ರಶ್ನೆ ಶೀಟಿನಲ್ಲಿ ಯಾವುದು ಮುಖ್ಯ ಅಂತ ಗುರುತಿಸುವುದು, ಕೊನೆಯದು ರೋಗಿ ಸುಧಾರಿಸಿದರೇ ಅಂತ ನೋಡುವುದು. ವಾರ್ಡಿನಲ್ಲಿ ಡ್ಯೂಟಿ ಬದಲಾಗುವಾಗ ಹ್ಯಾಂಡೋವರ್ ತೆಗೆದುಕೊಳ್ಳುವ ಅಭ್ಯಾಸ ಇದ್ದವರಿಗೆ ಇದು ನಿಜವಾಗಿ ಸುಲಭ. ಸರಿಯಾದ ಎಲ್ಲವನ್ನೂ ಗುರುತಿಸಿ ಅನ್ನುವ ಪ್ರಶ್ನೆಗಳಿಗೆ ಈಗ ಭಾಗಶಃ ಅಂಕ ಇದೆ. ಸರಿ ಗುರುತಿಸಿದರೆ ಒಂದು ಕೂಡುತ್ತದೆ, ತಪ್ಪು ಗುರುತಿಸಿದರೆ ಒಂದು ಕಳೆಯುತ್ತದೆ, ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಆದ್ದರಿಂದ ಇರಲಿ ಅಂತ ಸುಮ್ನೆ ಒಂದನ್ನು ಜಾಸ್ತಿ ಒತ್ತಬೇಡಿ.

ಔಷಧದ ಹೆಸರುಗಳು ಇನ್ನೊಂದು ತಲೆನೋವು. ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೊಫೆನ್. ಸಾಲ್ಬುಟಮಾಲ್ ಅಲ್ಬುಟೆರಾಲ್. ಅಡ್ರಿನಲಿನ್ ಎಪಿನೆಫ್ರಿನ್. ಪೆಥಿಡಿನ್ ಮೆಪೆರಿಡಿನ್. ಗ್ಲಿಬೆನ್‌ಕ್ಲಮೈಡ್ ಗ್ಲೈಬುರೈಡ್. ತೂಕ ಪೌಂಡಿನಲ್ಲಿ ಕೊಟ್ಟಿದ್ದರೆ 2.2ರಿಂದ ಭಾಗಿಸಿ ಕೆಜಿ ಮಾಡಿಕೊಳ್ಳಬೇಕು. ಅಡುಗೆಮನೆ ಬಾಗಿಲಿಗೆ ಪಟ್ಟಿ ಅಂಟಿಸಿದ್ದೆ.

ಆ ನಡುವೆ ಕಕ್ಕಡ 18 ಬಂತು, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ, ಆಗಸ್ಟ್ 3. ಮನೆಯಲ್ಲಿ ಮದ್ದುಸೊಪ್ಪಿನ ಪಾಯಸ. ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ, ನಮ್ಮವರು ಯಾರೂ ಹೆದರುವುದಿಲ್ಲ. ಹೊರಗಿನಿಂದ ಬಂದ ನೆಂಟರಿಗೆ ಮಾತ್ರ ಮೊದಲೇ ಹೇಳಿಡಬೇಕು. ಟಿಬಿಯ ರಿಫಾಂಪಿನ್ ಪ್ರಶ್ನೆ ಇದೇ ಥರ. ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ, ಅದು ನಿರೀಕ್ಷಿತ, ಮಾತ್ರೆ ನಿಲ್ಲಿಸಬಾರದು, ಮೊದಲೇ ಹೇಳಿಡಬೇಕು. ಕಣ್ಣು ಹಳದಿಯಾದರೆ ಮಾತ್ರ ಲಿವರ್ ವಿಷಯ, ಕೂಡಲೇ ತಿಳಿಸಬೇಕು. ಆ ದಿನದ ಮೇಲೆ ರಿಫಾಂಪಿನ್ ನನಗೆ ಮರೆತಿಲ್ಲ.

ದುಡ್ಡಿನ ಮಾತು. ಎರಡನೇ ಸಲಕ್ಕೂ ಪೂರ್ತಿ ಶುಲ್ಕ ಕಟ್ಟಬೇಕು. ನಾನು ಕಟ್ಟಿದ್ದು ನೋಂದಣಿಗೆ 200 ಡಾಲರ್, ಅಮೆರಿಕದ ಹೊರಗೆ ಬರೆಯುವುದಕ್ಕೆ ಇನ್ನೂ 150, ಅದರ ಮೇಲೆ ತೆರಿಗೆ. ಸುಮಾರು 30 ಸಾವಿರ ರೂಪಾಯಿ ದಾಟುತ್ತದೆ. ಬೋರ್ಡಿಗೂ ಮತ್ತೆ ಅರ್ಜಿ ಹಾಕಬೇಕಾಗಬಹುದು. ಪರೀಕ್ಷೆಗೆ ಕೂರಲು ಅನುಮತಿ, ಅಂದರೆ ಎಟಿಟಿ, ಇಮೇಲ್‌ನಲ್ಲಿ ಬರುತ್ತದೆ. ಅದಕ್ಕೊಂದು ಕೊನೆಯ ತಾರೀಖು ಇರುತ್ತದೆ, ಅಷ್ಟರೊಳಗೆ ಬರೆಯದಿದ್ದರೆ ದುಡ್ಡು ಹೋದಂತೆ.

ಹೆಸರಿನ ಬಗ್ಗೆ ಕೊಡಗಿನವರಿಗೆ ವಿಶೇಷವಾಗಿ ಹೇಳಬೇಕು. ನಮ್ಮಲ್ಲಿ ಮನೆ ಹೆಸರು ಮುಂದೆ, ಅಪ್ಪನ ಹೆಸರು ಇನಿಷಿಯಲ್ ಆಗಿ ಇನ್ನೆಲ್ಲೋ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಒಂದು ಥರ, ನರ್ಸಿಂಗ್ ಕೌನ್ಸಿಲ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಬೆಂಗಳೂರಿನ ಸೆಂಟರ್‌ನಲ್ಲಿ ಗುರುತಿಗೆ ಪಾಸ್‌ಪೋರ್ಟ್ ಮಾತ್ರ ನಡೆಯುತ್ತದೆ. ಎಟಿಟಿಯಲ್ಲಿರುವ ಹೆಸರು ಅದಕ್ಕೆ ಹೊಂದಬೇಕು. ನೋಂದಣಿ ಮಾಡುವಾಗಲೇ ಪಾಸ್‌ಪೋರ್ಟ್ ಎದುರಿಗೆ ಇಟ್ಟುಕೊಂಡು ಅಕ್ಷರ ಅಕ್ಷರ ನೋಡಿ ತುಂಬಿ.

ವಾಟ್ಸಾಪ್, ಟೆಲಿಗ್ರಾಂನಲ್ಲಿ ‘ಹೋದ ವಾರ ಬಂದ ಪ್ರಶ್ನೆಗಳು’ ಅಂತ ಮಾರುತ್ತಾರೆ. ಫೇಲಾದವರ ನಂಬರ್ ಇವರಿಗೆ ಹೇಗೆ ಸಿಗುತ್ತದೋ! ಪರೀಕ್ಷೆಗೆ ಮೊದಲು ನಾವು ಪ್ರಶ್ನೆ ಹೊರಗೆ ಹೇಳುವುದಿಲ್ಲ ಅಂತ ಒಪ್ಪಿಕೊಂಡೇ ಕೂರುವುದು. ಮುರಿದರೆ ಫಲಿತಾಂಶವೇ ರದ್ದಾಗಬಹುದು. ನಾನು ಆ ಗುಂಪುಗಳಿಂದೆಲ್ಲ ಹೊರಬಂದೆ.

ಪರೀಕ್ಷೆಯ ಹಿಂದಿನ ದಿನವೇ ಬೆಂಗಳೂರಿಗೆ ಹೋಗಿದ್ದೆ. ರೈಲಿಲ್ಲದ ಜಿಲ್ಲೆ ನಮ್ಮದು. ಮಡಿಕೇರಿಯಿಂದ ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಗ್ಗೆ ಸೀದಾ ಸೆಂಟರ್‌ಗೆ ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ. ಒಳಗೆ ಅಂಗೈ ಸ್ಕ್ಯಾನ್, ಫೋಟೋ, ಲಾಕರ್‌ನಲ್ಲಿ ಬ್ಯಾಗ್, ಬರೆದು ಅಳಿಸುವ ಒಂದು ಬೋರ್ಡ್. ಈ ಸಲ ಕಂಪ್ಯೂಟರ್ 85ಕ್ಕೆ ನಿಲ್ಲಲಿಲ್ಲ, ನೂರು ದಾಟಿತು. ಹಿಂದಿನ ಪ್ರಶ್ನೆಗೆ ವಾಪಸ್ ಹೋಗಲು ಆಗುವುದಿಲ್ಲ, ಹಾಗಾಗಿ ಹೋದದ್ದು ಹೋಯಿತು. 2 ಗಂಟೆಗೆ ಬಿಡುವು ಬೇಕೇ ಅಂತ ಕೇಳುತ್ತದೆ. ಆ ಸಮಯ 5 ಗಂಟೆಯಲ್ಲೇ ಕಳೆಯುತ್ತದೆ, ಆದರೂ ನಾನು ಎದ್ದು ಹೋಗಿ ಮುಖ ತೊಳೆದು ಬಂದೆ.

ಪಾಸಾದ ಮೇಲೆ ಮುಗಿಯಿತು ಅಂದುಕೊಳ್ಳಬೇಡಿ. ವೀಸಾಸ್ಕ್ರೀನ್ ಅನ್ನುವ, ವೀಸಾಕ್ಕೆ ಬೇಕಾದ ಸರ್ಟಿಫಿಕೇಟ್ ಆಗಬೇಕು, ಅದಕ್ಕೆ ಐಇಎಲ್‌ಟಿಎಸ್‌ನಂಥ ಇಂಗ್ಲಿಷ್ ಪರೀಕ್ಷೆ ಬೇಕು. ಭಾರತದಲ್ಲಿ ಹುಟ್ಟಿದವರಿಗೆ ಇಬಿ-3, ಅಂದರೆ ಕೆಲಸದ ಆಧಾರದ ಗ್ರೀನ್ ಕಾರ್ಡ್ ವೀಸಾ ಸಾಲು ವರ್ಷಗಟ್ಟಲೆ ಉದ್ದ ಇದೆ. ಏಜೆಂಟರು ಇದನ್ನು ಮೊದಲೇ ಹೇಳುವುದಿಲ್ಲ. ಐಇಎಲ್‌ಟಿಎಸ್ ಅಂಕಕ್ಕೆ 2 ವರ್ಷ ಮಾತ್ರ ಬೆಲೆ. ನನ್ನ ಬೋರ್ಡ್ ಅದನ್ನು ಮೊದಲೇ ಕೇಳಲಿಲ್ಲ, ಕೇಳುವ ಬೋರ್ಡ್‌ಗಳೂ ಇವೆ. ಹಾಗಾಗಿ ನಾನು ಇನ್ನೂ ಬರೆದಿಲ್ಲ. ಸಾಲು ಸ್ವಲ್ಪ ಮುಂದೆ ಹೋಗಲಿ, ಆಮೇಲೆ ಬರೆಯುತ್ತೇನೆ.