ಹೆಡ್‌ಸೆಟ್ ಹಾಕಿದರೂ ಕೈ ಕಾಣಬೇಕು

ಮಂಗಳೂರಿನ ಬಿಜೈಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ವಿಮಾನ ಹಾರಾಟದ ಸಿಮ್ಯುಲೇಟರ್‌ಗೆಂದು ಮಾಡಿದ ಪ್ಲೈವುಡ್ ಕಾಕ್‌ಪಿಟ್ ಇದೆ. ಅದರ ಕಿಟಕಿಯಾಚೆ ಬಜ್ಪೆ ವಿಮಾನ ನಿಲ್ದಾಣ ಕಾಣಬೇಕು, ಕೈಯಡಿ ಎಂಜಿನ್ ಶಕ್ತಿ ಹೆಚ್ಚು ಕಡಿಮೆ ಮಾಡುವ ನಿಜವಾದ ಥ್ರಾಟಲ್ಲೇ ಕಾಣಬೇಕು. ಹೆಡ್‌ಸೆಟ್ ಕ್ಯಾಮೆರಾ ತೋರಿಸುವ ನಿಜ ಕೋಣೆಯನ್ನು ಸಿಮ್ಯುಲೇಟರ್‌ನ ಚಿತ್ರದೊಂದಿಗೆ ಬೆರೆಸುವ ಮಿಕ್ಸ್‌ಡ್ ರಿಯಾಲಿಟಿ ಬೇಕಾಗುವುದು ಅದಕ್ಕೇ.

ಕಿಟಕಿಗಳಾಚೆ ಹಸಿರು ಬಟ್ಟೆಯನ್ನು ಸುಕ್ಕಿಲ್ಲದಂತೆ ಬಿಗಿದು ಕಟ್ಟಿ. ಕ್ರೋಮಾ ಕೀ ಇರುವ ಸಾಫ್ಟ್‌ವೇರ್ ಆ ಹಸಿರಿನ ಜಾಗದಲ್ಲಿ ಸಿಮ್ಯುಲೇಟರ್‌ನ ಆಕಾಶ ತುಂಬುತ್ತದೆ. ಪ್ಯಾನೆಲ್‌ನಲ್ಲಿ ಅದೇ ಹಸಿರಿನ ಸ್ಟಿಕ್ಕರ್ ಇದ್ದರೆ ಕಿತ್ತುಬಿಡಿ.

ಎಲ್ಲಕ್ಕಿಂತ ಮುಖ್ಯ ಬೆಳಕು. ಮಳೆಗಾಲದ ಮಬ್ಬಿನಲ್ಲಿ ಹೆಡ್‌ಸೆಟ್ ಕ್ಯಾಮೆರಾದ ಚಿತ್ರ ಕಾಳುಕಾಳಾಗುತ್ತದೆ, ಎತ್ತರ ತೋರಿಸುವ ಆಲ್ಟಿಮೀಟರ್ ಓದಲಾಗದು. ಬಟ್ಟೆಗೆ ಎರಡೂ ಬದಿಯಿಂದ, ಪ್ಯಾನೆಲ್‌ಗೆ ಬೇರೆಯೇ ಎಲ್‌ಇಡಿ ಹಾಕಿ, ನೆರಳು ಬೀಳಬಾರದು.

ಆಮೇಲೆ ಹಾರಿಸುವ ಭಂಗಿಯಲ್ಲೇ ಕೂತು ರೀಸೆಂಟರ್ ಮಾಡಿ, ಅಂದರೆ ಹೆಡ್‌ಸೆಟ್‌ನ ನೋಟವನ್ನು ಆ ಭಂಗಿಗೆ ಹೊಂದಿಸಿ. ದಿಗಂತ ಪ್ಯಾನೆಲ್‌ನ ಮೇಲಂಚಿಗೆ ಸಮವಾಗಿದೆಯೇ ನೋಡಿ. ಬಜ್ಪೆಯದು ಗುಡ್ಡದ ತಲೆಯ ಮೇಲಿನ 2,450 ಮೀಟರ್‌ನ ಟೇಬಲ್‌ಟಾಪ್ ರನ್‌ವೇ, ತುದಿಯಾಚೆ ಇಳಿಜಾರು; ದಿಗಂತ ಓರೆಯಾದರೆ ಇಳಿಯುವಾಗ ಎತ್ತರದ ಅಂದಾಜೇ ತಪ್ಪುತ್ತದೆ.