ಸ್ಕೈಡೈವಿಂಗ್ ಚಿತ್ರೀಕರಣಕ್ಕೆ ಮಿನಿ ಡಿವಿ ಟೇಪ್ ಆರಿಸುವ ಬಗೆ

ಹೆಲ್ಮೆಟ್‌ಗೆ ಅಳವಡಿಸಿದ ಕ್ಯಾಮ್‌ಕಾರ್ಡರ್‌ಗೆ 60 ನಿಮಿಷದ ಮಿನಿ ಡಿವಿ ಟೇಪನ್ನೇ (ಡಿಜಿಟಲ್ ವಿಡಿಯೊ ದಾಖಲಿಸುವ ಪುಟ್ಟ ಕ್ಯಾಸೆಟ್) ಆರಿಸಿಕೊಳ್ಳಬೇಕು. ಅಷ್ಟೇ ಗಾತ್ರದ ಕ್ಯಾಸೆಟ್‌ನೊಳಗೆ ಹೆಚ್ಚು ಉದ್ದವನ್ನು ಸುತ್ತಬೇಕಾಗಿರುವುದರಿಂದ 80 ನಿಮಿಷದ ಟೇಪ್ ತೆಳುವಾಗಿರುತ್ತದೆ. ಪ್ಯಾರಾಚೂಟ್ ಬಿಚ್ಚಿಕೊಳ್ಳುವಾಗಿನ ಜಗ್ಗಿಗೆ ಅದನ್ನು ಒಡ್ಡುವುದು ಜಾಣತನವಲ್ಲ. ಸುಮಾರು 4,000 ಮೀಟರ್ ಎತ್ತರದಿಂದ ಜಿಗಿದರೂ ಮುಕ್ತಪತನ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುವುದರಿಂದ, ಉದ್ದದ ಟೇಪಿನ ಅಗತ್ಯವೂ ಅಷ್ಟಾಗಿ ಇಲ್ಲ.

ಟೇಪನ್ನು ನಿಧಾನವಾಗಿ ಓಡಿಸಿ ಹೆಚ್ಚು ಹೊತ್ತು ದಾಖಲಿಸುವ ಎಲ್‌ಪಿ (ಲಾಂಗ್ ಪ್ಲೇ) ಮೋಡ್ ಖಂಡಿತ ಬೇಡ. ಸಾಮಾನ್ಯ ವೇಗದ ಎಸ್‌ಪಿಯಲ್ಲಿ (ಸ್ಟ್ಯಾಂಡರ್ಡ್ ಪ್ಲೇ) 10 ಮೈಕ್ರಾನ್ ಅಗಲವಿರುವ ಟ್ರ್ಯಾಕ್, ಅಂದರೆ ಟೇಪಿನ ಮೇಲೆ ಚಿತ್ರ ದಾಖಲಾಗುವ ಗೆರೆ, ಎಲ್‌ಪಿಯಲ್ಲಿ 6.7 ಮೈಕ್ರಾನ್‌ಗೆ ಕುಗ್ಗುತ್ತದೆ. ಅದುರುವಿಕೆಯಲ್ಲಿ ಟೇಪನ್ನು ಓದಿ ಬರೆಯುವ ಹೆಡ್ ತುಸು ಸರಿದರೂ ಚಿತ್ರದಲ್ಲಿ ಚೌಕಾಕಾರದ ಕಲೆಗಳು ಮೂಡುತ್ತವೆ, ಆ ಜಿಗಿತವನ್ನು ಮತ್ತೊಮ್ಮೆ ಸೆರೆಹಿಡಿಯಲು ಸಾಧ್ಯವಿಲ್ಲ.

ಟೇಪಿನ ಲೇಪನ ಒಂದೊಂದು ತಯಾರಕರದು ಒಂದೊಂದು ಬಗೆಯದಾದ್ದರಿಂದ ಒಂದೇ ಬ್ರ್ಯಾಂಡಿಗೆ, ಸಾಧ್ಯವಾದರೆ ಅದರ ಒಂದೇ ದರ್ಜೆಗೆ, ಅಂಟಿಕೊಳ್ಳುವುದು ಒಳ್ಳೆಯದು. ಬದಲಿಸಲೇಬೇಕಾದರೆ ಮೊದಲು ಕ್ಲೀನಿಂಗ್ ಕ್ಯಾಸೆಟ್ಟನ್ನು ಕೆಲವೇ ಸೆಕೆಂಡು ಓಡಿಸಿ ಹೆಡ್ ಶುಚಿಗೊಳಿಸಿ. ಪದೇ ಪದೇ ಬಳಸಿದ ಟೇಪನ್ನು ಅಭ್ಯಾಸದ ಜಿಗಿತಗಳಿಗೆ ಮೀಸಲಿಟ್ಟು, ಟ್ಯಾಂಡೆಮ್ ಪ್ರಯಾಣಿಕರ (ತರಬೇತುದಾರರಿಗೆ ಬಿಗಿದುಕೊಂಡು ಜಿಗಿಯುವವರ) ಚಿತ್ರೀಕರಣಕ್ಕೆ ಹೊಸದನ್ನೇ ಹಾಕಬೇಕು. ಅವರಲ್ಲಿ ಅನೇಕರಿಗೆ ಅದು ಜೀವನದ ಏಕೈಕ ಜಿಗಿತ. ಇಳಿದ ಕೂಡಲೇ ಕ್ಯಾಸೆಟ್ಟಿನ ಹಿಂಬದಿಯ ಪುಟ್ಟ ಗುಂಡಿಯನ್ನು ‘ಸೇವ್’ ಕಡೆಗೆ ಸರಿಸಿದರೆ, ಅದರ ಮೇಲೆ ಇನ್ನೊಂದು ಜಿಗಿತ ದಾಖಲಾಗುವ ಭಯವಿರುವುದಿಲ್ಲ.